ರಾತ್ರಿ ಒಂದೂವರೆಯ ವಿಮಾನ

ಎಲ್ಲರಿಗೂ ನಮಸ್ಕಾರ.

ಎಪ್ಪತ್ತರ ದಶಕದಲ್ಲಿ ಓದಲು ಅಂತ ಅಮೆರಿಕಕ್ಕೆ ಬಂದವರು ಈ ಸಭೆಯಲ್ಲಿ ಸುಮಾರು ಜನ ಇದ್ದೀರಿ. ಹಾಗಾಗಿ ಇಲ್ಲಿನ ಟಿವಿ ಸ್ಟೇಷನ್ನುಗಳು ರಾತ್ರಿ ಪ್ರಸಾರ ಮುಗಿಸುವಾಗ ತೋರಿಸುತ್ತಿದ್ದ ಆ ವಿಮಾನದ ಬಗ್ಗೆ ಜಾಸ್ತಿ ಪೀಠಿಕೆ ಬೇಡ. ರಾತ್ರಿ ಒಂದೋ ಒಂದೂವರೆಯೋ ಆಗಿರುತ್ತಿತ್ತು. ಕೊನೆಯ ಸಿನಿಮಾ ಮುಗಿದಿರುತ್ತಿತ್ತು. ಬೆಳ್ಳಿ ಬಣ್ಣದ ಜೆಟ್ ಒಂದು ಮೋಡಗಳ ಮೇಲೆ ತೇಲಿ ಬಂದು, ನಿಧಾನವಾಗಿ ಮಗುಚಿ, ಮತ್ತೆ ನೇರವಾಗುತ್ತಿತ್ತು. ಹಿನ್ನೆಲೆಯಲ್ಲಿ ಒಬ್ಬರು ‘ಹೈ ಫ್ಲೈಟ್’ ಅನ್ನುವ ಇಂಗ್ಲಿಷ್ ಕವನ ಓದುತ್ತಿದ್ದರು. ರಾಷ್ಟ್ರಗೀತೆ, ಸ್ಟೇಷನ್ನಿನ ಹೆಸರು, ಚಾನೆಲ್ ನಂಬರು ಎಲ್ಲ ಮುಗಿದ ಮೇಲೆ ಪರದೆ ತುಂಬ ಬರೀ ಚುಕ್ಕಿ, ಸುಯ್ ಅನ್ನುವ ಸದ್ದು.

ನಮ್ಮ ಬೆಂಗಳೂರಿಗೆ ಟಿವಿ ಬಂದದ್ದೇ 1981ರಲ್ಲಿ. ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆಯೊಳಗೆ ಟಿವಿ ಅಂತ ಮೊದಲು ಸಿಕ್ಕಿದ್ದು ಇಲ್ಲಿ, ಬಾಡಿಗೆ ಕೋಣೆಯಲ್ಲಿ, ಲ್ಯಾಬಿನಿಂದ ವಾಪಸು ಬಂದ ಮೇಲೆ. ಊರು ನಮ್ಮದಲ್ಲದಿದ್ದರೂ ಆ ನೆನಪು ನಮ್ಮದೇ.

ಈಗಿನ ಹುಡುಗರು ಕೇಳುತ್ತಾರೆ, ಅದು ಅಮೆರಿಕದ ವಾಯುಪಡೆಯ ಜಾಹೀರಾತು ಅಲ್ವಾ, ಅದಕ್ಕೆ ಯಾಕೆ ಇಷ್ಟು ಕಣ್ಣೀರು ಅಂತ. ಕೇಳಬೇಕಾದ ಪ್ರಶ್ನೆಯೇ. ಆ ಚಿತ್ರದಿಂದ ವಾಯುಪಡೆಗೆ ಪ್ರಚಾರ ಸಿಗುತ್ತಿತ್ತು, ನಿಜ. ವಿಯೆಟ್ನಾಂ ಯುದ್ಧದ ರಾತ್ರಿಗಳಲ್ಲೂ ಅದು ಬರುತ್ತಿತ್ತು, ಅದೂ ನಿಜ. ಆದರೆ ಆ ಕವನದಲ್ಲಿ ಶತ್ರು ಇಲ್ಲ. ನಾನು ಇವತ್ತು ಇಲ್ಲಿಗೆ ಬಂದಿರುವುದೇ ಈ ಒಂದು ಮಾತು ಹೇಳಲು. ಹದಿನಾಲ್ಕು ಸಾಲುಗಳನ್ನೂ ಹುಡುಕಿ ನೋಡಿ. ಬಂದೂಕಿಲ್ಲ, ದೇಶದ ಹೆಸರಿಲ್ಲ, ಗೆಲುವಿಲ್ಲ. ಬಿಸಿಲು, ಮೋಡ, ಗಾಳಿ, ಕೊನೆಗೆ ದೇವರ ಮುಖವನ್ನು ಕೈಚಾಚಿ ಮುಟ್ಟಿದ ಒಂದು ಗಳಿಗೆ, ಅಷ್ಟೇ. ಅದರ ಜೊತೆ ಬರುತ್ತಿದ್ದ ರಾಷ್ಟ್ರಗೀತೆಯಲ್ಲಾದರೋ ರಾಕೆಟ್ಟೂ ಇದೆ, ಸಿಡಿಯುವ ಬಾಂಬೂ ಇದೆ.

ಬರೆದವನ ಕಥೆ ಸ್ವಲ್ಪ ಹೇಳುತ್ತೇನೆ. ನನಗೆ ಬಹಳ ಇಷ್ಟದ ಕಥೆ ಇದು. ಜಾನ್ ಗಿಲೆಸ್ಪಿ ಮ್ಯಾಗಿ. ಹುಟ್ಟಿದ್ದು 1922ರಲ್ಲಿ, ಚೀನಾದ ಶಾಂಘೈನಲ್ಲಿ. ಅಪ್ಪ ಅಮೆರಿಕದವರು, ಅಮ್ಮ ಇಂಗ್ಲೆಂಡಿನವರು, ಇಬ್ಬರೂ ಮಿಷನರಿಗಳು. ಹುಡುಗ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದಿದ. 1940ರಲ್ಲಿ ಅಮೆರಿಕ ಇನ್ನೂ ಎರಡನೇ ಮಹಾಯುದ್ಧಕ್ಕೆ ಇಳಿದಿರಲಿಲ್ಲ. ಇವನಿಗೆ ತಡೆಯಲಾಗಲಿಲ್ಲ. ಕೆನಡಾದ ವಾಯುಪಡೆ ಸೇರಿ, ಹಾರಾಟ ಕಲಿತು, ಬ್ರಿಟನ್ನಿಗೆ ಹೋಗಿ, ಅಲ್ಲಿ ಸ್ಪಿಟ್‌ಫೈರ್ ಅನ್ನುವ ಯುದ್ಧವಿಮಾನ ಹಾರಿಸಲು ಕಲಿತ. 1941ರ ಸೆಪ್ಟೆಂಬರ್ 3ರಂದು ಅಪ್ಪ ಅಮ್ಮನಿಗೆ ಒಂದು ಕಾಗದ ಬರೆದ. ಅದರ ಜೊತೆ ಒಂದು ಪದ್ಯ ಕಳಿಸಿದ. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಶುರುವಾಯಿತು, ಕೆಳಗಿಳಿದು ಸ್ವಲ್ಪ ಹೊತ್ತಿಗೆ ಮುಗಿಯಿತು ಅಂತ ಬರೆದಿದ್ದ. ಎಂಥ ಮಾತು ನೋಡಿ! ಆಕ್ಸಿಜನ್ ಮಾಸ್ಕ್ ಹಾಕಿಕೊಂಡು, ಒಂಟಿ ಸೀಟಿನ ಯುದ್ಧವಿಮಾನದಲ್ಲಿ, ಚಳಿಯಲ್ಲಿ ಕೂತ ಹುಡುಗನಿಗೆ ಅಲ್ಲಿ ಹೊಳೆದದ್ದು ಪದ್ಯ.

ಮೂರು ತಿಂಗಳೂ ಕಳೆದಿತ್ತೋ ಇಲ್ಲವೋ. ಡಿಸೆಂಬರ್ 7ರಂದು ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ. ಅದಾಗಿ ನಾಲ್ಕನೇ ದಿನ, 11ರಂದು, ಲಿಂಕನ್‌ಶೈರ್‌ನಲ್ಲಿ ಮೋಡದಿಂದ ಕೆಳಗಿಳಿಯುವಾಗ ಇವನ ಸ್ಪಿಟ್‌ಫೈರ್ ಒಂದು ತರಬೇತಿ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಇವನು ಗಾಜಿನ ಮುಚ್ಚಳ ಹಿಂದೆ ತಳ್ಳಲು ಒದ್ದಾಡಿ ಕೊನೆಗೆ ಹಾರಿದ್ದನ್ನು ಒಬ್ಬ ರೈತ ನೋಡಿದ. ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ. ಇನ್ನೊಂದು ವಿಮಾನದಲ್ಲಿ ಹಾರಾಟ ಕಲಿಯುತ್ತಿದ್ದವನೂ ಸತ್ತ. ಮ್ಯಾಗಿಗೆ ಹತ್ತೊಂಬತ್ತು ವರ್ಷ. ಸ್ಕಾಪ್‌ವಿಕ್ ಅನ್ನುವ ಹಳ್ಳಿಯಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಪದ್ಯದ ಮೊದಲ ಸಾಲು, ಕೊನೆಯ ಸಾಲು ಕೆತ್ತಿದ್ದಾರೆ.

ಅಂದರೆ ಅವನು ಅಮೆರಿಕದ ವಾಯುಪಡೆಯ ಪೈಲಟ್ ಅಲ್ಲ. ಪ್ರತ್ಯೇಕ ವಾಯುಪಡೆ ಹುಟ್ಟಿದ್ದೇ 1947ರಲ್ಲಿ. ನಾವು ಟಿವಿಯಲ್ಲಿ ನೋಡಿದ್ದು ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದ ಜೆಟ್. ಐವತ್ತನಾಲ್ಕು ಅಡಿಗೂ ಜಾಸ್ತಿ ಉದ್ದ, ರೆಕ್ಕೆಗಳು ಮಾತ್ರ ತುದಿಯಿಂದ ತುದಿಗೆ ಇಪ್ಪತ್ತೆರಡು ಅಡಿಯೂ ಇಲ್ಲ. ರೆಕ್ಕೆಯ ಮುಂದಿನ ಅಂಚು ಈಳಿಗೆಮಣೆಯ ಹಾಗೆ. ನೆಲದ ಮೇಲೆ ನಿಂತಾಗ ಕೆಲಸಗಾರರ ಕೈ ಕುಯ್ಯದಿರಲಿ ಅಂತ ಅದಕ್ಕೆ ಕವಚ ಹಾಕುತ್ತಿದ್ದರು. ಪಾಕಿಸ್ತಾನದ ಬಳಿಯೂ ಈ ವಿಮಾನ ಇತ್ತು. 1965ರಲ್ಲಿ, 1971ರಲ್ಲಿ ನಮ್ಮ ಮೇಲೆ ಬಂದಿತ್ತು. ಅದು ಗೊತ್ತಿದ್ದವರೂ ರಾತ್ರಿ ಒಂದೂವರೆಗೆ ಅದೇ ವಿಮಾನವನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು. ಯಾಕೆ? ಮತ್ತೆ ಅದೇ ಮಾತು. ಕವನದಲ್ಲಿ ಶತ್ರು ಇಲ್ಲ. ಅದು ಜೊತೆಗಿದ್ದಾಗ ವಿಮಾನಕ್ಕೂ ಶತ್ರು ಇರಲಿಲ್ಲ.

1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಒಡೆದು ಏಳು ಜನ ಹೋದ ಸಂಜೆ ಅಧ್ಯಕ್ಷ ರೇಗನ್ ಮಾತಾಡಿ, ಕೊನೆಗೆ ಇದೇ ಪದ್ಯದ ಪದಗಳಿಗೆ ಬಂದರು. ಎಷ್ಟೋ ಮನೆಗಳಲ್ಲಿ ಅದು ಮೊದಲೇ ಕಿವಿಗೆ ಬಿದ್ದಿತ್ತು. ಯಾರೂ ಕೂತು ಬಾಯಿಪಾಠ ಮಾಡಿದ್ದಲ್ಲ. ನಿದ್ದೆಗೆ ಮುಂಚೆ ಸುಮ್ನೆ ಒಳಗಿಳಿದಿದ್ದು.

ಸಮಯ ಆಯಿತು ಅಂತ ಚೀಟಿ ಬಂದಿದೆ. ಜೆಮಿನಿ 10 ಬಾಹ್ಯಾಕಾಶ ನೌಕೆಯಲ್ಲಿ ಗಗನಯಾತ್ರಿ ಮೈಕಲ್ ಕಾಲಿನ್ಸ್ ಈ ಪದ್ಯ ಒಯ್ದದ್ದನ್ನು ವಿವರವಾಗಿ ಹೇಳಬೇಕಿತ್ತು, ಬಿಡುತ್ತೇನೆ. ಈ ಚಿತ್ರಗಳು ನಿಂತದ್ದು ಯಾಕೆ ಅನ್ನುವುದನ್ನು ಮಾತ್ರ ಹೇಳಲೇಬೇಕು. ಜನಕ್ಕೆ ಬೇಜಾರಾಗಿ ನಿಂತದ್ದಲ್ಲ. 1984ರಲ್ಲಿ ಟಿವಿ ಜಾಹೀರಾತಿನ ಹೊತ್ತಿಗೆ ಇದ್ದ ಮಿತಿಯನ್ನು ಸರ್ಕಾರ ತೆಗೆಯಿತು. ನಡುರಾತ್ರಿಯೂ ಮಾರಾಟಕ್ಕೆ ಬಂತು. ಅರ್ಧ ಗಂಟೆ ಚಾಕು, ಅರ್ಧ ಗಂಟೆ ವ್ಯಾಯಾಮದ ಯಂತ್ರ. ಟ್ರಾನ್ಸ್‌ಮಿಟರ್ ಆರಿಸುವುದೇ ನಷ್ಟ ಅನ್ನಿಸಿತು.

ನನ್ನದೊಂದು ಬೇಡಿಕೆ ಇದೆ. ಸ್ಟೇಷನ್ನುಗಳು ಇಂಥದ್ದನ್ನು ಎತ್ತಿಟ್ಟುಕೊಂಡದ್ದು ಕಮ್ಮಿ. ಉಳಿದಿರುವುದರಲ್ಲಿ ಎಷ್ಟೋ ನಮ್ಮಂಥವರು ರಾತ್ರಿ ಸಿನಿಮಾ ರೆಕಾರ್ಡ್ ಮಾಡಲು ಇಟ್ಟು, ನಿದ್ದೆ ಹೋಗಿ, ಟೇಪ್ ತಾನಾಗಿ ಓಡಿದ್ದರಿಂದ ಉಳಿದದ್ದು. ನಿಮ್ಮ ಬೇಸ್‌ಮೆಂಟಿನಲ್ಲಿ ಹಳೆಯ ವಿಎಚ್‌ಎಸ್ ಟೇಪ್ ಇದ್ದರೆ ದಯವಿಟ್ಟು ಎಸೆಯಬೇಡಿ. ಸಿನಿಮಾ ಮುಗಿದ ಮೇಲೂ ಕೊನೆಯವರೆಗೆ ಓಡಿಸಿ ನೋಡಿ. ಏನಾದರೂ ಸಿಕ್ಕರೆ ಊರು, ಚಾನೆಲ್, ವರ್ಷ ಬರೆದು ಹತ್ತಿರದ ವಿಶ್ವವಿದ್ಯಾಲಯದ ಲೈಬ್ರರಿಯವರನ್ನು ಕೇಳಿ. ಆ ಟೇಪಿನ ಮೇಲಿನ ಪದರ ವರ್ಷ ವರ್ಷಕ್ಕೂ ಹಾಳಾಗುತ್ತಿದೆ. ಈ ಚಳಿಗಾಲದ ರಜೆಯಲ್ಲೇ ಆ ಕೆಲಸ ಮಾಡಿ.