ನೋಡುವುದು, ನೋಡಿಕೊಳ್ಳುವುದು

ಎಲ್ಲರಿಗೂ ನಮಸ್ಕಾರ.

ಒಂದು ಚಿಕ್ಕ ಪದದಿಂದ ಶುರು ಮಾಡುತ್ತೇನೆ. ‘ಕೊಳ್ಳು’. ದಿನಕ್ಕೆ ಎಷ್ಟೋ ಸಲ ಬಳಸುತ್ತೇವೆ, ಬಳಸಿದ್ದೇ ಗೊತ್ತಾಗುವುದಿಲ್ಲ. ನೋಡು, ನೋಡಿಕೊಳ್ಳು. ಕೇಳು, ಕೇಳಿಕೊಳ್ಳು. ತಿದ್ದು, ತಿದ್ದಿಕೊಳ್ಳು. ಮೊದಲನೆಯದರಲ್ಲಿ ಕೆಲಸ ನಮ್ಮಿಂದ ಹೊರಗೆ ಹೋಗುತ್ತದೆ. ಎರಡನೆಯದರಲ್ಲಿ ಅದು ತಿರುಗಿ ನಮ್ಮ ಕಡೆಗೇ ಬರುತ್ತದೆ. ಮೇಷ್ಟರು ತಪ್ಪನ್ನು ತಿದ್ದುತ್ತಾರೆ, ವಿದ್ಯಾರ್ಥಿ ತಿದ್ದಿಕೊಳ್ಳುತ್ತಾಳೆ. ಮೇಷ್ಟರು ನೂರು ಸಲ ತಿದ್ದಿದರೂ ಅವಳು ತಿದ್ದಿಕೊಳ್ಳದೆ ಇರಬಹುದು. ಹಾಗಾದಾಗ ಅಲ್ಲಿ ಕಲಿಕೆ ನಡೆದಿಲ್ಲ ಅಂತಲೇ ಅರ್ಥ.

ಇನ್ನೊಂದು ಪದ ನನಗೆ ತುಂಬ ಇಷ್ಟ. ‘ಅಂದುಕೊಂಡಿದ್ದೆ’. ನಮಗೆ ನಾವೇ ಹೇಳಿಕೊಂಡದ್ದು. ಆದರೆ ಈ ಪದ ಬಾಯಿಗೆ ಬರುವುದು ಯಾವಾಗ? ಹೆಚ್ಚಾಗಿ, ನಮ್ಮ ಎಣಿಕೆ ತಪ್ಪಿದೆ ಅಂತ ಗೊತ್ತಾದ ಮೇಲೆ. “ಅವರು ಕೋಪಿಷ್ಠರು ಅಂದುಕೊಂಡಿದ್ದೆ.” ಆ ಮಾತು ಕೇಳಿದ ಕೂಡಲೇ ‘ಹಾಗಲ್ಲ ಅಂತ ಆಮೇಲೆ ತಿಳಿಯಿತು’ ಅನ್ನುವುದು ತಾನಾಗಿಯೇ ಕೇಳಿಸುತ್ತದೆ, ಅಲ್ವಾ? ಈ ಒಂದು ಪದದಲ್ಲೇ ಇವತ್ತಿನ ವಿಷಯ ಅರ್ಧ ಇದೆ.

ಹೀಗೆ ತನ್ನನ್ನು ತಾನು ನೋಡಿಕೊಳ್ಳುವುದಕ್ಕೆ ಸಮಾಜಶಾಸ್ತ್ರದವರು, ಮಾನವಶಾಸ್ತ್ರದವರು ‘ರಿಫ್ಲೆಕ್ಸಿವಿಟಿ’ ಅನ್ನುತ್ತಾರೆ. ನಾವು ಆತ್ಮಾವಲೋಕನ, ಸ್ವವಿಮರ್ಶೆ ಅನ್ನುತ್ತೇವೆ. ಈ ಪದಗಳನ್ನು ಕೇಳಿದಾಗ ಒಂದು ಚಿತ್ರ ಮನಸ್ಸಿಗೆ ಬರುತ್ತದೆ. ಯಾರೋ ಒಬ್ಬರು ಕಣ್ಣು ಮುಚ್ಚಿ, ಒಬ್ಬರೇ ಕೂತು, ತಮ್ಮೊಳಗೆ ಇಳಿಯುತ್ತಿದ್ದಾರೆ. ನನ್ನ ತಕರಾರು ಈ ಚಿತ್ರದ ಮೇಲೆ. ತನ್ನನ್ನು ತಾನು ನೋಡಿಕೊಳ್ಳುವುದು ಒಬ್ಬರೇ ಮಾಡುವ ಕೆಲಸ ಅಲ್ಲ. ಅದಕ್ಕೆ ಇನ್ನೊಬ್ಬರು ಬೇಕು, ಇಲ್ಲವೇ ಕೈಯಲ್ಲಿ ಹಿಡಿದು ನೋಡಬಹುದಾದ ಒಂದು ದಾಖಲೆ ಬೇಕು. ಯಾಕೆ ಅಂತ ನನ್ನದೇ ಒಂದು ಅನುಭವದಿಂದ ಹೇಳುತ್ತೇನೆ.

ನಾನು ಬಹಳ ವರ್ಷ ಪಾಠ ಮಾಡಿದವರ ಪೈಕಿ. ತರಗತಿಯಲ್ಲಿ ಪ್ರಶ್ನೆ ಕೇಳುವುದು, ಮಕ್ಕಳಿಗೆ ಯೋಚಿಸಲು ಸಮಯ ಕೊಡುವುದು ನನ್ನ ಪದ್ಧತಿ ಅಂತ ಪೂರ್ತಿ ನಂಬಿದ್ದೆ. ಯಾರಾದರೂ ಕೇಳಿದ್ದರೆ ಪ್ರಮಾಣ ಮಾಡಿ ಹೇಳುತ್ತಿದ್ದೆ. ಒಂದು ದಿನ ಫೋನಿನಲ್ಲಿ ನನ್ನ ಪಾಠವನ್ನು ರೆಕಾರ್ಡ್ ಮಾಡಿ ರಾತ್ರಿ ಕೇಳಿದೆ. ಪ್ರಶ್ನೆ ಕೇಳುತ್ತೇನೆ. ಒಂದು ಉಸಿರು ಎಳೆಯುವಷ್ಟು ಹೊತ್ತು. ಅಷ್ಟರಲ್ಲಿ ನಾನೇ ಉತ್ತರ ಹೇಳಿಬಿಡುತ್ತೇನೆ, ಇಲ್ಲಾಂದ್ರೆ ಇನ್ನೊಬ್ಬರ ಕಡೆ ತಿರುಗುತ್ತೇನೆ. ಒಂದು ಸಲ ಅಲ್ಲ, ಇಡೀ ತಾಸು ಹೀಗೇ. ಒಬ್ಬ ಹುಡುಗ “ಅದು…” ಅಂತ ಶುರು ಮಾಡಿದ್ದ. ಆ ‘ಅದು’ ಮುಗಿಯುವ ಮೊದಲೇ ನಾನು ಮುಂದೆ ಹೋಗಿದ್ದೆ. ಆ ಧ್ವನಿ ಈಗಲೂ ಕಿವಿಯಲ್ಲಿದೆ. ಅವನು ಏನು ಹೇಳಲಿದ್ದ ಅಂತ ನನಗೆ ಕೊನೆಗೂ ಗೊತ್ತಾಗಲಿಲ್ಲ.

ಆಮೇಲೆ ಓದಿದಾಗ ತಿಳಿಯಿತು, ಇದು ನನ್ನೊಬ್ಬರ ಕಥೆ ಅಲ್ಲ. ಅಮೆರಿಕದ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ವಿಜ್ಞಾನ ಪಾಠಗಳ ನೂರಾರು ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಸುಮ್ಮನೆ ಕೂರುತ್ತಿದ್ದವರೂ ಮಾತಾಡಲು ಶುರು ಮಾಡಿದರು. ಆದರೆ ನನ್ನನ್ನು ನಿಜಕ್ಕೂ ಕಲಕಿದ್ದು ಇನ್ನೊಂದು ಸಂಗತಿ. ತಾವು ಜಾಣರು ಅಂತ ಎಣಿಸಿದ ಮಕ್ಕಳಿಗೆ ಶಿಕ್ಷಕರು ಸುಮಾರು ಎರಡು ಸೆಕೆಂಡ್ ಕಾಯುತ್ತಿದ್ದರು. ಹಿಂದುಳಿದವರು ಅಂತ ಎಣಿಸಿದವರಿಗೆ ಒಂದು ಸೆಕೆಂಡಿಗೂ ಕಡಿಮೆ. ಜಾಸ್ತಿ ಹೊತ್ತು ಬೇಕಾದ ಮಗುವಿಗೇ ಕಡಿಮೆ ಹೊತ್ತು.

ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇರಲಿಲ್ಲ. ಯಾರೂ ಗಡಿಯಾರ ನೋಡಿ ಅನ್ಯಾಯ ಮಾಡಲಿಲ್ಲ. ಆ ಶಿಕ್ಷಕರನ್ನು ಕೂರಿಸಿ “ನಿಮ್ಮನ್ನು ನೀವು ಪ್ರಾಮಾಣಿಕವಾಗಿ ನೋಡಿಕೊಳ್ಳಿ” ಅಂದಿದ್ದರೂ ಇದು ಕಾಣುತ್ತಿರಲಿಲ್ಲ. ಒಂದು ಸೆಕೆಂಡಿನ ವ್ಯತ್ಯಾಸ ಮನಸ್ಸಿನೊಳಗೆ ಎಲ್ಲೂ ಬರೆದಿರುವುದಿಲ್ಲ. ಟೇಪಿನಲ್ಲಿ ಮಾತ್ರ ಇರುತ್ತದೆ.

ಆಮೇಲೆ ಏನಾಗುತ್ತದೆ ನೋಡಿ. ಮಗು ಹಿಂದೆ ಅಂತ ಶಿಕ್ಷಕರ ಎಣಿಕೆ. ಆದ್ದರಿಂದ ಕಡಿಮೆ ಕಾಯುತ್ತಾರೆ. ಮಗು ಉತ್ತರ ಹೇಳುವುದಿಲ್ಲ. “ನಾನು ಹೇಳಿರಲಿಲ್ವಾ?” ಅನ್ನಿಸುತ್ತದೆ. ಎಣಿಕೆ ಗಟ್ಟಿಯಾಗುತ್ತದೆ. ಕಾಲಕ್ರಮೇಣ ಮಗುವೂ ತನ್ನ ಬಗ್ಗೆ ಹಾಗೇ ಅಂದುಕೊಳ್ಳುತ್ತದೆ. 1948ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇಂಥ ಸುತ್ತನ್ನು ವಿವರಿಸಲು ಒಂದು ಬ್ಯಾಂಕಿನ ಉದಾಹರಣೆ ಕೊಟ್ಟರು. ಗಟ್ಟಿಯಾಗಿರುವ ಬ್ಯಾಂಕು. ಮುಳುಗುತ್ತದೆ ಅಂತ ಸುಳ್ಳು ಸುದ್ದಿ ಹಬ್ಬುತ್ತದೆ. ಎಲ್ಲರೂ ದುಡ್ಡು ತೆಗೆಯಲು ಓಡುತ್ತಾರೆ. ಬ್ಯಾಂಕು ನಿಜವಾಗಿಯೂ ಮುಳುಗುತ್ತದೆ. ಸುಳ್ಳು ತಾನೇ ತನ್ನನ್ನು ನಿಜ ಮಾಡಿಕೊಂಡಿತು.

ಕಲ್ಲಿನ ಬಗ್ಗೆ ನಾವು ಏನೇ ಹೇಳಿದರೂ ಕಲ್ಲು ಬದಲಾಗುವುದಿಲ್ಲ. ಮನುಷ್ಯರ ಬಗ್ಗೆ ಹೇಳಿದ್ದು ಮನುಷ್ಯರ ಕಿವಿಗೆ ಬೀಳುತ್ತದೆ. ಅವರು ಅದನ್ನು ಒಪ್ಪುತ್ತಾರೆ, ಇಲ್ಲವೇ ಸಿಡಿದೇಳುತ್ತಾರೆ. ಎರಡರಲ್ಲೂ ಅವರು ಮೊದಲಿನಂತೆ ಉಳಿಯುವುದಿಲ್ಲ. ಒಂದು ಜನಸಮುದಾಯವನ್ನು ‘ಸೋಮಾರಿಗಳು’ ಅಂತಲೋ ‘ಅಪರಾಧಿಗಳು’ ಅಂತಲೋ ಬರೆದಿಟ್ಟರೆ, ಆ ಬರಹ ಅವರ ಬದುಕಿನೊಳಗೆ ನುಗ್ಗುತ್ತದೆ. ಸಮಾಜದ ಬಗ್ಗೆ ಬರೆಯುವವರು ತಾವು ಹೊರಗೆ ನಿಂತಿದ್ದೇವೆ ಅಂದುಕೊಳ್ಳುವ ಹಾಗಿಲ್ಲ.

ಮಾನವಶಾಸ್ತ್ರಕ್ಕೆ ಇದು ನೋವಿನ ಪಾಠವಾಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಮಾನವಶಾಸ್ತ್ರಜ್ಞ ಬ್ರೋನಿಸ್ಲಾ ಮಲಿನೋವ್ಸ್ಕಿ ನ್ಯೂ ಗಿನಿಯ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗುಡಾರ ಹಾಕಿ, ಅಲ್ಲಿನ ಭಾಷೆ ಕಲಿತು, ಜನರ ಜೊತೆ ಇದ್ದು ಅಧ್ಯಯನ ಮಾಡಿ ಪುಸ್ತಕ ಬರೆದರು. ಜನರ ಕಣ್ಣಿನಿಂದ ಅವರ ಲೋಕವನ್ನು ನೋಡಬೇಕು ಅನ್ನುವುದು ಅವರ ದೊಡ್ಡ ಪಾಠ. ಅವರು 1942ರಲ್ಲಿ ತೀರಿಕೊಂಡರು. 1967ರಲ್ಲಿ ಅವರ ಖಾಸಗಿ ಡೈರಿ ಅಚ್ಚಾಯಿತು. ಅದರಲ್ಲಿ ಆ ಜನರ ಮೇಲಿನ ಸಿಟ್ಟು, ತಿರಸ್ಕಾರ, ಬೇಸರ, ಮನೆಯ ನೆನಪು ಎಲ್ಲ ಇತ್ತು. ಓದಿದವರು ಬೆಚ್ಚಿಬಿದ್ದರು. ನನಗೆ ಅನ್ನಿಸುವುದು ಇಷ್ಟು: ಡೈರಿಯಲ್ಲಿದ್ದ ಮನುಷ್ಯನೂ ಪುಸ್ತಕ ಬರೆದ ಮನುಷ್ಯನೂ ಒಬ್ಬನೇ. ಪುಸ್ತಕದಲ್ಲಿ ಆ ಮನುಷ್ಯನನ್ನು ಮರೆಮಾಡಬೇಕು ಅನ್ನುವ ನಿಯಮವೇ ತಪ್ಪಾಗಿತ್ತು. ನೋಡಿದ್ದನ್ನು ಬರೆಯುವವರು, ಎಲ್ಲಿ ನಿಂತು ನೋಡಿದೆ ಅನ್ನುವುದನ್ನೂ ಬರೆಯಬೇಕು.

ನಮ್ಮ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ವಿಷಯದಲ್ಲಿ ಇದು ಬೇರೆ ದಾರಿಯಲ್ಲಿ ಬಂತು. 1948ರಲ್ಲಿ ಅವರು ಒಂದು ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದ್ದರು. ಟಿಪ್ಪಣಿಗಳನ್ನು ಎಷ್ಟೋ ವರ್ಷ ಜೋಪಾನವಾಗಿ ಬೆಳೆಸಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಪರಿಷ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲೇ ಇದ್ದವು. ಆಮೇಲೆ ಅವರು ಬಹುಪಾಲು ನೆನಪನ್ನೇ ನಂಬಿ ಬರೆದರು. ಆ ಪುಸ್ತಕ 1976ರಲ್ಲಿ ಬಂತು. ನೆನಪಿನಿಂದ ಬರೆಯುವವರು ತಮ್ಮನ್ನು ಬಿಟ್ಟು ಬರೆಯಲು ಆಗುವುದಿಲ್ಲ. ಹಾಗಾಗಿ ಆ ಪುಸ್ತಕದಲ್ಲಿ ಅವರೂ ಒಂದು ಪಾತ್ರ. ಊರಿನ ಯಜಮಾನರ ಆಸರೆಯಲ್ಲಿ, ಮೇಲ್ಜಾತಿಯವರಾಗಿ ಅಲ್ಲಿದ್ದದ್ದರಿಂದ ದಲಿತರ ಬದುಕಿಗೆ ತಾವು ಸಾಕಷ್ಟು ಹತ್ತಿರವಾಗಲಿಲ್ಲ ಅನ್ನುವುದನ್ನು ಅವರು ಒಪ್ಪಿಕೊಂಡಿದ್ದಾರೆ. ‘ಒಪ್ಪಿದ್ದಾರೆ’ ಅಲ್ಲ, ‘ಒಪ್ಪಿಕೊಂಡಿದ್ದಾರೆ’. ಆ ಒಪ್ಪಿಗೆಯಿಂದ ಪುಸ್ತಕದ ಬೆಲೆ ಕಡಿಮೆ ಆಗಲಿಲ್ಲ. ಓದುವವರಿಗೆ ಯಾವ ಮೂಲೆ ಕತ್ತಲಲ್ಲಿದೆ ಅಂತ ಗೊತ್ತಾಯಿತು, ಅಷ್ಟೇ.

ಒಳಗೇ ಇಳಿದು ನೋಡಿದರೆ ಸಾಲದಾ ಅಂತ ಕೆಲವರಿಗೆ ಅನ್ನಿಸಬಹುದು. 1977ರಲ್ಲಿ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಒಂದು ಪ್ರಯೋಗದ ಬಗ್ಗೆ ಬರೆದರು. ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ. ಯಾವುದು ಚೆನ್ನಾಗಿದೆ ಅಂತ ಜನರನ್ನು ಕೇಳಿದರು. ನಾಲ್ಕೂ ಒಂದೇ, ಏನೂ ವ್ಯತ್ಯಾಸ ಇಲ್ಲ. ಆದರೂ ಬಲತುದಿಯಲ್ಲಿದ್ದದ್ದನ್ನು ಆರಿಸಿದವರೇ ಜಾಸ್ತಿ. ಯಾಕೆ ಅಂತ ಕೇಳಿದರೆ ಎಲ್ಲರ ಹತ್ತಿರವೂ ಕಾರಣ ಇತ್ತು. ಇಟ್ಟ ಜಾಗದಿಂದಾಗಿ ಆರಿಸಿದೆ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಕೇಳಿದ ಕೂಡಲೇ ಮನಸ್ಸು ಒಂದು ಕಾರಣ ಕಟ್ಟಿಕೊಟ್ಟಿತು, ಅವರು ಅದನ್ನು ಕಂಡುಕೊಂಡದ್ದು ಅಂತ ನಂಬಿದರು.

ಇನ್ನೂ ಹಳೆಯ ಒಂದು ಘಟನೆ ಇದೆ. ಇದನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ಕಳೆದ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಲೆಕ್ಕ ಮಾಡುತ್ತಿತ್ತು. ಪ್ರಶ್ನೆ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. 1904ರಲ್ಲಿ ಒಂದು ಸಮಿತಿ ಪರೀಕ್ಷಿಸಿತು, ಮೋಸ ಏನೂ ಸಿಗಲಿಲ್ಲ. ಕೊನೆಗೆ ಆಸ್ಕರ್ ಫುಂಗ್ಸ್ಟ್ ಅನ್ನುವವರು ಗುಟ್ಟು ಹಿಡಿದರು. ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ. ಎಣಿಕೆ ಸರಿಯಾದ ಅಂಕಿಗೆ ಬಂದಾಗ ಕೇಳುವವರ ತಲೆ, ಮೈ ತಮಗೇ ಗೊತ್ತಿಲ್ಲದೆ ಚೂರು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಮುಂದಿನದ್ದು ಮುಖ್ಯ. ಗುಟ್ಟು ತಿಳಿದ ಮೇಲೂ ಫುಂಗ್ಸ್ಟ್ ತಾವೇ ಕುದುರೆಯ ಮುಂದೆ ನಿಂತರೆ ಆ ಸನ್ನೆ ಅವರಿಂದಲೂ ಬರುತ್ತಿತ್ತು. ತಡೆಯಲು ಆಗುತ್ತಿರಲಿಲ್ಲ. ನನ್ನ ಪಕ್ಷಪಾತ ನನಗೆ ಗೊತ್ತಿದೆ, ಆದ್ದರಿಂದ ನನಗೆ ಅದು ತಟ್ಟುವುದಿಲ್ಲ ಅಂತ ಹೇಳುವವರು ಈ ಮನುಷ್ಯನನ್ನು ನೆನಪಿಸಿಕೊಳ್ಳಬೇಕು. ಹೊಸ ಔಷಧಿಯನ್ನು ಪರೀಕ್ಷಿಸುವಾಗ ಯಾರಿಗೆ ಯಾವ ಗುಳಿಗೆ ಸಿಕ್ಕಿದೆ ಅಂತ ರೋಗಿಗೂ ವೈದ್ಯರಿಗೂ ತಿಳಿಯದಂತೆ ಇಡುವ ಪದ್ಧತಿ ಇದೆಯಲ್ಲ, ಅದರ ಹಿಂದಿರುವುದೂ ಇದೇ ತಿಳಿವಳಿಕೆ. ವೈದ್ಯರು ಕೆಟ್ಟವರು ಅಂತ ಅಲ್ಲ. ಒಳ್ಳೆಯವರ ಮುಖವೂ ಮಾತಾಡುತ್ತದೆ.

ಈಗ ಕಲಿಕೆಗೆ ಬರೋಣ. ಇಲ್ಲಿ ಓದುತ್ತಿರುವ ಮಕ್ಕಳು ಇದ್ದೀರಿ, ನಿಮಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪಾಠವನ್ನು ಮತ್ತೆ ಮತ್ತೆ ಓದುತ್ತೀರಿ. ಮೂರನೇ ಸಲ ಓದುವಾಗ ಎಲ್ಲ ಸಲೀಸಾಗಿ ಹೋಗುತ್ತದೆ. ‘ಬಂತು’ ಅನ್ನಿಸುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಇದನ್ನು ಪರೀಕ್ಷಿಸಿದರು. ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದೆ. ಆದರೆ ತನಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ಧೈರ್ಯ ಯಾರಿಗೆ ಜಾಸ್ತಿ ಇತ್ತು? ಮತ್ತೆ ಮತ್ತೆ ಓದಿದವರಿಗೆ.

ಪರಿಚಯ ಆದದ್ದನ್ನು ನಾವು ಕಲಿತದ್ದು ಅಂತ ತಿಳಿಯುತ್ತೇವೆ. ಅರ್ಥ ಆಗಿದೆಯಾ ಅಂತ ನಿಮ್ಮನ್ನೇ ಕೇಳಿಕೊಂಡರೆ ಉತ್ತರ ಯಾವಾಗಲೂ ‘ಹೌದು’. ಹಾಗೆ ಕೇಳಿಕೊಳ್ಳಬೇಡಿ. ಪುಸ್ತಕ ಮುಚ್ಚಿ ಬರೆಯಿರಿ. ಅಥವಾ ತಮ್ಮನಿಗೋ ತಂಗಿಗೋ ಹೇಳಿಕೊಡಿ. ಹೇಳುತ್ತಾ ಹೇಳುತ್ತಾ ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಪಾಠ ಇನ್ನೂ ಬಂದಿಲ್ಲ. ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ 2002ರಲ್ಲಿ ತೋರಿಸಿದ್ದೂ ಇದನ್ನೇ. ಜಿಪ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾ ಅಂದರೆ ಗೊತ್ತು ಅನ್ನುತ್ತೇವೆ. ಹಂತ ಹಂತವಾಗಿ ವಿವರಿಸಿ ಅಂದ ಮೇಲೆ ನಮ್ಮ ತಿಳಿವಳಿಕೆಗೆ ನಾವೇ ಕೊಟ್ಟ ಅಂಕ ಇಳಿಯುತ್ತದೆ. ನೀವೇ ಮಾಡಿ ನೋಡಿ. ಜಿಪ್ಪಿನ ಹಲ್ಲುಗಳು ಒಂದನ್ನೊಂದು ಹಿಡಿಯುವುದು ಹೇಗೆ?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೋಡಿಕೊಳ್ಳುವುದು ಬೇರೆ, ಕೊರಗುವುದು ಬೇರೆ. “ನಾನೇಕೆ ಹೀಗೆ, ನಾನೇಕೆ ಹೀಗೆ” ಅಂತ ರಾತ್ರಿಯೆಲ್ಲ ಸುತ್ತುವವರು ತಮ್ಮನ್ನು ನೋಡಿಕೊಳ್ಳುತ್ತಿಲ್ಲ, ತಮ್ಮನ್ನು ತಿನ್ನುತ್ತಿದ್ದಾರೆ. ಹಾಗೆ ಒಬ್ಬರೇ ಸುತ್ತುತ್ತಿರುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನಂಬಿಕೆಯ ಒಬ್ಬರ ಹತ್ತಿರ ಮಾತಾಡಿ. ನಮ್ಮ ಭಾಷೆಯಲ್ಲಿ ‘ನೋಡಿಕೊಳ್ಳು’ ಅನ್ನುವುದಕ್ಕೆ ಇನ್ನೊಂದು ಅರ್ಥವೂ ಇದೆ. “ಮಗುವನ್ನು ನೋಡಿಕೊಳ್ಳಿ” ಅನ್ನುತ್ತೇವೆ. ಜೋಪಾನ ಮಾಡುವುದು. ತನ್ನನ್ನು ತಾನು ನೋಡಿಕೊಳ್ಳುವುದರಲ್ಲಿ ಆ ಅರ್ಥವೂ ಇರಲಿ.

ನನ್ನ ರೆಕಾರ್ಡಿಂಗ್‌ಗೆ ಮತ್ತೆ ಬರುತ್ತೇನೆ. ಅದನ್ನು ಕೇಳಿದ ಮಾರನೇ ದಿನ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರರ ತನಕ ಎಣಿಸಿದೆ. ಆ ಮೂರು ಸೆಕೆಂಡ್ ಎಷ್ಟು ಉದ್ದ ಅಂತ ನಿಂತವರಿಗೇ ಗೊತ್ತು. ಕೆಲವು ದಿನ ಚೆನ್ನಾಗಿ ನಡೆಯಿತು. ಒಂದು ತಿಂಗಳು ಬಿಟ್ಟು ಮತ್ತೆ ರೆಕಾರ್ಡ್ ಮಾಡಿ ಕೇಳಿದರೆ ಹಳೆಯ ಚಾಳಿ ವಾಪಸ್ ಬಂದಿತ್ತು. ನಾನು ಬದಲಾಗಿದ್ದೇನೆ ಅಂದುಕೊಂಡಿದ್ದೆ. ಆಮೇಲೆ ಮಕ್ಕಳಿಗೇ ಹೇಳಿದೆ: ನಾನು ಅವಸರ ಮಾಡಿದರೆ ಕೈ ಎತ್ತಿ, “ಇನ್ನೂ ಯೋಚಿಸುತ್ತಿದ್ದೇವೆ” ಅನ್ನಿ. ಮೊದಲ ವಾರ ಯಾರೂ ಎತ್ತಲಿಲ್ಲ. ಆಮೇಲೆ ಒಬ್ಬಳು ಎತ್ತಿದಳು. ಟೇಪಿಗಿಂತ ಅವಳ ಕೈ ಹೆಚ್ಚು ಕೆಲಸ ಮಾಡಿತು.

ಚಾರ್ಲ್ಸ್ ಡಾರ್ವಿನ್ ತಮ್ಮ ಆತ್ಮಕಥೆಯಲ್ಲಿ ಒಂದು ಅಭ್ಯಾಸದ ಬಗ್ಗೆ ಬರೆದಿದ್ದಾರೆ. ತಮ್ಮ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಸಿಕ್ಕಿದರೆ ಅವರು ತಕ್ಷಣ, ತಪ್ಪದೆ ಬರೆದಿಟ್ಟುಕೊಳ್ಳುತ್ತಿದ್ದರು. ಪರವಾದದ್ದಕ್ಕಿಂತ ವಿರುದ್ಧವಾದದ್ದು ಬೇಗ ಮರೆತುಹೋಗುತ್ತದೆ ಅಂತ ಅವರಿಗೆ ಅನುಭವದಿಂದ ಗೊತ್ತಿತ್ತು. ಅಷ್ಟು ದೊಡ್ಡ ಮನುಷ್ಯ ತನ್ನ ನೆನಪನ್ನು ನಂಬದೆ ಕಾಗದವನ್ನು ನಂಬಿದ.

ನನ್ನ ಮುಂದೆಯೂ ಈಗ ಕಾಗದ, ಪೆನ್ನು ಇದೆ. ಪ್ರಶ್ನೆಗಳಿಗೆ ಅರ್ಧ ಗಂಟೆ ಉಳಿಸಿಕೊಂಡಿದ್ದೇನೆ. ಮೊದಲು, ನನ್ನ ಮಾತು ಒಪ್ಪದವರು ಮಾತಾಡಿ. ಒಬ್ಬರೇ ಕೂತು ತಮ್ಮನ್ನು ಸರಿಯಾಗಿ ಕಂಡುಕೊಂಡವರು ಇದ್ದರೆ ಅವರಿಂದಲೇ ಶುರು ಮಾಡೋಣ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿ ಇಳಿಸಿದರು. ಹೇಳಿ, ನಾನು ಬರೆದುಕೊಳ್ಳುತ್ತೇನೆ.