ಬ್ರೇಕ್ ಎಲ್ಲಿ ಹಿಡೀಬೇಕು, ಎಲ್ಲಿ ಬಿಡಬೇಕು: ಗೆಳೆಯರ ಜೊತೆ ಡೌನ್‌ಹಿಲ್ ರೇಸ್

ಈಗ ಸ್ಕ್ರೀನ್ ಮೇಲೆ ಕಾಣ್ತಿರೋ ಇಳಿಜಾರು ನೋಡಿದ್ರೆ ಸಪಾಟು ರಸ್ತೆ ಥರ ಅನ್ಸುತ್ತೆ. ಮೋಸ ಹೋಗ್ಬೇಡಿ. ಎದೆಗೆ ಕಟ್ಟಿರೋ ಕ್ಯಾಮೆರಾದ ವೈಡ್ ಲೆನ್ಸ್ ಎಂಥ ಗುಡ್ಡವನ್ನೂ ತಟ್ಟಿ ರೊಟ್ಟಿ ಮಾಡಿಬಿಡುತ್ತೆ. ಇದೇ ಜಾಗದಲ್ಲಿ ನಡ್ಕೊಂಡು ಇಳಿಯೋಕೂ ಪಕ್ಕದ ಕಾಫಿ ಗಿಡ ಹಿಡ್ಕೋಬೇಕು. ಹಾಗಾಗಿ ವಿಡಿಯೋ ನೋಡಿ "ಇಷ್ಟೇನಾ ಗುರು" ಅಂದ್ಕೊಂಡು ಸೈಕಲ್ ರೇಸ್‌ಗೆ ಹೆಸರು ಕೊಡ್ಬೇಡಿ. ಹೆಸರು ಕೊಡಿ, ಆದ್ರೆ ಈ ವಿಡಿಯೋ ಪೂರ್ತಿ ಕೇಳಿ ಆಮೇಲೆ ಕೊಡಿ.

ಡೌನ್‌ಹಿಲ್ ಅಂದ್ರೆ ಮೌಂಟನ್ ಸೈಕಲ್‌ನಲ್ಲಿ ಗುಡ್ಡ ಇಳಿಯೋ ಆಟ, ಆದ್ರೆ ಎಲ್ಲರೂ ಒಟ್ಟಿಗೆ ನುಗ್ಗೋ ರೇಸ್ ಅಲ್ಲ. ಒಬ್ಬೊಬ್ಬರನ್ನೇ 30 ಸೆಕೆಂಡ್ ಅಥವಾ 1 ನಿಮಿಷದ ಅಂತರದಲ್ಲಿ ಮೇಲಿಂದ ಬಿಡ್ತಾರೆ, ಗಡಿಯಾರದ ಜೊತೆ ಸ್ಪರ್ಧೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಲೆಕ್ಕದಲ್ಲಿ ಟ್ರ್ಯಾಕ್ 1.5 ಕಿ.ಮೀ.ನಿಂದ 3.5 ಕಿ.ಮೀ., ಸಮಯ 2ರಿಂದ 5 ನಿಮಿಷ. ಹವ್ಯಾಸಿ ರೇಸ್‌ಗಳ ಟ್ರ್ಯಾಕ್ ಇದಕ್ಕಿಂತ ಚಿಕ್ಕದೂ ಇರುತ್ತೆ. ಮೊದಲು ಪ್ರಾಕ್ಟೀಸ್, ಆಮೇಲೆ ಸೀಡಿಂಗ್ ರನ್, ಕೊನೇಲಿ ರೇಸ್ ರನ್. ಸೀಡಿಂಗ್‌ನಲ್ಲಿ ನಿಧಾನವಾಗಿ ಬಂದೋರು ರೇಸ್‌ನಲ್ಲಿ ಮೊದಲು ಹೊರಡ್ತಾರೆ, ಜೋರಾಗಿ ಬಂದೋರು ಕೊನೆಗೆ. ಅದು ಬರೀ ಸಾಲು ಹಚ್ಚೋಕೆ ಅಷ್ಟೇ, ಅಲ್ಲೇ ಪ್ರಾಣ ಪಣಕ್ಕಿಡ್ಬೇಡಿ.

ಸೈಕಲ್ ವಿಷಯ ಬೇಗ ಮುಗಿಸೋಣ. ಅಸಲಿ ಡೌನ್‌ಹಿಲ್ ಸೈಕಲ್‌ಗೆ ಹಿಂದೆ ಮುಂದೆ 200 ಎಂಎಂ ಟ್ರಾವೆಲ್ (ಸಸ್ಪೆನ್ಷನ್ ಕುಗ್ಗೋ ದೂರ) ಇರುತ್ತೆ, ಬೆಲೇನೂ ಹಾಗೇ ಇರುತ್ತೆ. ಮೊದಲ ರೇಸ್‌ಗೆ ಅದು ಬೇಡ. 120ರಿಂದ 140 ಎಂಎಂ ಫೋರ್ಕ್ ಇರೋ ಒಳ್ಳೆ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಸೈಕಲ್) ಸಾಕು. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಮಾತ್ರ ಇರ್ಲೇಬೇಕು. ಕೇಬಲ್ ಎಳೆಯೋ ಡಿಸ್ಕ್‌ಗೆ ಅರ್ಧ ದಾರೀಲೇ ಬೆರಳು ಸೋತುಹೋಗುತ್ತೆ. ಸೀಟು ಪೂರ್ತಿ ಕೆಳಗಿರಲಿ. ಎತ್ತರದ ಸೀಟು ಒಂದು ಜಿಗಿತಕ್ಕೇ ಹಿಂದಿಂದ ಒದ್ದು ನಿಮ್ಮನ್ನ ಹ್ಯಾಂಡಲ್ ಮೇಲಿಂದ ಆಚೆ ಕಳಿಸುತ್ತೆ.

ಈಗ ಬ್ರೇಕ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದ್ರೆ ಈ ಆಟದ ಚರಿತ್ರೆ ಶುರುವಾಗೋದೇ ಬ್ರೇಕ್ ಸುಟ್ಟು ಹೋಗೋದ್ರಿಂದ. 1976ರ ಅಕ್ಟೋಬರ್ 21ಕ್ಕೆ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಹತ್ತಿರ ಗೆಳೆಯರ ಗುಂಪೊಂದು ಹಳೇ ಸೈಕಲ್‌ಗಳನ್ನ ತಗೊಂಡು ಒಂದು ಮಣ್ಣಿನ ರಸ್ತೇಲಿ ಟೈಮ್ ಹಚ್ಚಿ ಇಳೀತು. ಸುಮಾರು ಮೂರು ಕಿಲೋಮೀಟರ್ ಚಿಲ್ಲರೆ ದೂರಕ್ಕೆ ಹತ್ತಿರತ್ತಿರ 400 ಮೀಟರ್ ಇಳಿತ. ಅವಕ್ಕಿದ್ದಿದ್ದು ಪೆಡಲ್ ಹಿಂದಕ್ಕೆ ತುಳಿದ್ರೆ ಹಿಡಿಯೋ ಹಬ್ ಬ್ರೇಕ್. ಕೆಳಗೆ ಬರೋಷ್ಟರಲ್ಲಿ ಹಬ್ ಒಳಗಿನ ಗ್ರೀಸ್ ಹೊಗೆಯಾಗಿ ಹೋಗಿರ್ತಿತ್ತು. ಪ್ರತಿ ಸಲಾನೂ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಇಂಗ್ಲಿಷ್‌ನಲ್ಲಿ ಹಾಗೆ ಮತ್ತೆ ತುಂಬೋದಕ್ಕೆ ರೀಪ್ಯಾಕ್ ಅಂತಾರೆ, ಆ ರೇಸ್‌ಗೂ ಅದೇ ಹೆಸರು ಉಳೀತು. ಇವತ್ತು ಗ್ರೀಸ್ ಹೊಗೆಯಾಗಲ್ಲ, ಬ್ರೇಕ್ ಪ್ಯಾಡ್ ಗಾಜಿನ ಥರ ನುಣುಪಾಗುತ್ತೆ. ಕಾರಣ ಮಾತ್ರ ಅದೇ: ಉದ್ದಕ್ಕೂ ಬ್ರೇಕ್ ಒತ್ಕೊಂಡೇ ಬರೋದು.

ಕ್ಯಾಲಿಪರ್, ಅಂದ್ರೆ ಪ್ಯಾಡ್ ಕೂತಿರೋ ಬ್ರೇಕ್ ಭಾಗ, ಹತ್ತಿರದಿಂದ ನೋಡಿ. ಪ್ಯಾಡ್‌ಗೆ ಅಂಟಿರೋ ಕಪ್ಪು ಪದರ ಇದೆಯಲ್ಲ, ಶಿಮಾನೋ ಕಂಪನಿ ಪ್ಯಾಡ್‌ನಲ್ಲಿ ಅದು 0.5 ಎಂಎಂಗೆ ಬಂದ್ರೆ ಪ್ಯಾಡ್ ಬದಲಾಯಿಸಿ. ರೇಸ್‌ಗೆ ಹೋಗೋ ಮುಂಚೆ 1 ಎಂಎಂ ಇದ್ರೂ ಬದಲಾಯಿಸೋದೇ ವಾಸಿ. ಒದ್ದೆ ಮಣ್ಣಲ್ಲಿ ಒಂದೇ ದಿನದ ಪ್ರಾಕ್ಟೀಸ್ ಅದನ್ನ ತಿಂದು ಮುಗಿಸುತ್ತೆ. ರೋಟರ್ ಅಂದ್ರೆ ಚಕ್ರದ ಜೊತೆ ತಿರುಗೋ ಬ್ರೇಕ್ ತಟ್ಟೆ, ಶಿಮಾನೋದ್ದು ಹೊಸದಾಗಿದ್ದಾಗ 1.8 ಎಂಎಂ, 1.5ಕ್ಕೆ ಇಳಿದ್ರೆ ಅದೂ ಹೋಯ್ತು. ಪ್ಯಾಡ್‌ನಲ್ಲಿ ರೆಸಿನ್, ಮೆಟಲ್ ಅಂತ ಎರಡು ಬಗೆ. ರೆಸಿನ್ ಸದ್ದಿಲ್ಲದೆ ಹಿಡಿಯುತ್ತೆ, ಕಾದ್ರೆ ಕೈ ಕೊಡುತ್ತೆ. ಮೆಟಲ್ ಕಿರುಚುತ್ತೆ, ಆದ್ರೆ ಬಿಸಿ ತಡ್ಕೊಳ್ಳುತ್ತೆ, ಕೆಸರಲ್ಲೂ ಬೇಗ ಸವೆಯಲ್ಲ. ಡೌನ್‌ಹಿಲ್‌ಗೆ ಮೆಟಲ್. ಒಂದು ಎಚ್ಚರಿಕೆ: ಕಡಿಮೆ ಬೆಲೆಯ ಕೆಲವು ರೋಟರ್ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಅಂತ ಕೊರೆದಿರುತ್ತೆ. ಅದಕ್ಕೆ ಮೆಟಲ್ ಹಾಕಿದ್ರೆ ರೋಟರ್ ಹಾಳು.

ಹೊಸ ಪ್ಯಾಡ್ ಹಾಕಿ ನೇರ ಟ್ರ್ಯಾಕ್‌ಗೆ ಇಳಿಯೋ ಹಾಗಿಲ್ಲ, ಪಳಗಿಸ್ಬೇಕು. ಖಾಲಿ ರಸ್ತೇಲಿ ಗಂಟೆಗೆ 20-25 ಕಿ.ಮೀ. ವೇಗಕ್ಕೆ ಹೋಗಿ, ಒಂದೇ ಸಮ ಒತ್ತಿ ನಡಿಗೆ ವೇಗಕ್ಕೆ ಇಳಿಸಿ. ಚಕ್ರ ಲಾಕ್ ಆಗಬಾರದು, ಪೂರ್ತಿ ನಿಲ್ಲಲೂಬಾರದು. ಮುಂದಿನದಕ್ಕೆ 20 ಸಲ, ಹಿಂದಿನದಕ್ಕೆ 20 ಸಲ. ಸುಮಾರು ಹತ್ತನೇ ಸಲಕ್ಕೆ ಹಿಡಿತ ಬಿಗಿಯಾಗೋದು ಬೆರಳಿಗೇ ಗೊತ್ತಾಗುತ್ತೆ. ಇದನ್ನ ಬಿಟ್ಟೋರ ಪ್ಯಾಡ್ ಮೊದಲ ಉದ್ದ ಇಳಿಜಾರಲ್ಲೇ ಗಾಜಿನ ಥರ ಹೊಳೆಯೋಕೆ ಶುರುವಾಗುತ್ತೆ, ಆಮೇಲೆ ಎಷ್ಟು ಒತ್ತಿದ್ರೂ ಜಾರುತ್ತೆ.

ಎಣ್ಣೆ ವಿಷಯದಲ್ಲಿ ಗೆಳೆಯರ ಗುಂಪಿನಲ್ಲೇ ಎಡವಟ್ಟಾಗೋದು ಜಾಸ್ತಿ. ಶಿಮಾನೋ ಬ್ರೇಕ್‌ಗೆ ಮಿನರಲ್ ಆಯಿಲ್. ಸ್ರ್ಯಾಮ್ ಕಂಪನಿಯ ಬಹಳಷ್ಟು ಬ್ರೇಕ್‌ಗೆ ಡಾಟ್ 5.1 ಅನ್ನೋ ಬ್ರೇಕ್ ಫ್ಲೂಯಿಡ್, ಹೊಸ ಕೆಲವು ಮಾಡೆಲ್‌ಗೆ ಮಿನರಲ್. "ನಂದು ಸ್ವಲ್ಪ ಉಳಿದಿದೆ ತಗೋ ಮಗಾ" ಅಂತ ಒಬ್ಬರದ್ದು ಇನ್ನೊಬ್ಬರಿಗೆ ಹಾಕಿದ್ರೆ ಒಳಗಿನ ರಬ್ಬರ್ ಸೀಲ್ ಉಬ್ಬಿ ಲಿವರ್ ಸಮೇತ ಎಸೀಬೇಕು. ಲಿವರ್‌ನ ಮುಚ್ಚಳದ ಮೇಲೆ ಬರ್ದಿರುತ್ತೆ, ಓದಿ ಹಾಕಿ.

ಇನ್ನೊಂದು ತಲೆನೋವು ಇದೆ. ನಮ್ಮಲ್ಲಿ ಬೈಕ್ ಓಡಿಸಿ ರೂಢಿ ಇರೋರಿಗೆ ಬಲಗೈ ಅಂದ್ರೆ ಮುಂದಿನ ಬ್ರೇಕ್. ಅಮೆರಿಕ, ಯುರೋಪ್ ಕಡೆಯ ಬಹಳಷ್ಟು ಸೈಕಲ್‌ಗಳಲ್ಲಿ ಎಡಗೈ ಮುಂದಿನದು. ಗೆಳೆಯನ ಸೈಕಲ್ ಒಂದು ರೌಂಡ್ ಹೊಡಿಯೋಣ ಅಂತ ಹತ್ತಿದಾಗ, ಹಿಂದಿನದು ಅಂತ ನಂಬಿ ಮುಂದಿನದನ್ನ ಒತ್ತಿದ್ರೆ ಮುಗೀತು. ಹತ್ತೋ ಮುಂಚೆ ಎರಡೂ ಲಿವರ್ ಒತ್ತಿ, ಚಕ್ರ ತಳ್ಳಿ ನೋಡಿ. ಐದು ಸೆಕೆಂಡ್ ಕೆಲಸ.

ಟೈರ್ ಅಗಲ 2.4 ಅಥವಾ 2.5 ಇಂಚು, ಟ್ಯೂಬ್‌ಲೆಸ್. 29 ಇಂಚಿನ ಚಕ್ರಕ್ಕೆ ಒಂದೊಂದಕ್ಕೆ 100ರಿಂದ 120 ಎಂಎಲ್ ಸೀಲೆಂಟ್, ಅಂದ್ರೆ ತೂತು ಮುಚ್ಚೋ ದ್ರವ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರ್ ಉಂಡೆ ಆಗಿರುತ್ತೆ, ಚಕ್ರ ಅಲ್ಲಾಡಿಸಿ ಕೇಳಿ, ಗುಳುಗುಳು ಅನ್ಬೇಕು. 75 ಕೆ.ಜಿ. ತೂಗೋರು ಮುಂದೆ 22-24, ಹಿಂದೆ 25-28 ಪಿಎಸ್‌ಐ ಗಾಳಿಯಿಂದ ಶುರು ಮಾಡ್ಬಹುದು. ಟ್ಯೂಬ್ ಇದ್ರೆ 30ರ ಆಸುಪಾಸು ಬೇಕು, ಇಲ್ಲಾಂದ್ರೆ ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತೆ. ಗುಂಪಿಗೆಲ್ಲ ಒಂದೇ ಗೇಜ್ ಇಟ್ಕೊಳ್ಳಿ. ಎರಡು ಗೇಜ್ ಇದ್ರೆ ಎರಡು ಥರ ತೋರಿಸ್ತವೆ, ಈ ಲೆಕ್ಕದಲ್ಲಿ 2 ಪಿಎಸ್‌ಐ ಅಂದ್ರೆ ದೊಡ್ಡ ವ್ಯತ್ಯಾಸ.

ಸಸ್ಪೆನ್ಷನ್‌ಗೆ ಸದ್ಯಕ್ಕೆ ಇಷ್ಟು ಸಾಕು: ಹೆಲ್ಮೆಟ್, ಶೂ ಎಲ್ಲ ಹಾಕ್ಕೊಂಡು ಸೈಕಲ್ ಮೇಲೆ ನಿಂತಾಗ ಫೋರ್ಕ್ ಐದನೇ ಒಂದು ಭಾಗ, ಹಿಂದಿನ ಶಾಕ್ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಕೂತಿರ್ಬೇಕು. ಹ್ಯಾಂಡಲ್ ಹಿಡಿಯೋ ಸ್ಟೆಮ್ ಬೋಲ್ಟ್‌ಗೆ ಬಿಗಿತ 5 ಎನ್‌ಎಂ (ನ್ಯೂಟನ್ ಮೀಟರ್), ಆರು ಬೋಲ್ಟಿನ ರೋಟರ್‌ಗೆ ಟಿ25 ಕೀಲಿಯಲ್ಲಿ ಕಂಪನಿ ಹೇಳಿದಷ್ಟು. ಅಂದಾಜಲ್ಲಿ ಬಿಗಿದ್ರೆ ಕಾರ್ಬನ್ ಹ್ಯಾಂಡಲ್ ಸೀಳುತ್ತೆ, ನೆನಪಿರಲಿ.

ಹೆಲ್ಮೆಟ್ ಫುಲ್ ಫೇಸ್. ಒಳಗಿನ ಸ್ಟಿಕ್ಕರ್ ಮೇಲೆ ಎಎಸ್‌ಟಿಎಂ ಎಫ್1952 ಅಂತಿದ್ರೆ ಅದು ಡೌನ್‌ಹಿಲ್‌ಗೇ ಪರೀಕ್ಷೆ ಮಾಡಿದ್ದು. ಒಂದ್ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಸರಿಯಿದ್ರೂ ಒಳಗಿನ ಥರ್ಮಾಕೋಲ್ ಕುಸಿದಿರುತ್ತೆ, ಅದನ್ನ ಜೂನಿಯರ್‌ಗಳಿಗೆ ದಾನ ಮಾಡ್ಬೇಡಿ. ಮೊಣಕಾಲು, ಮೊಣಕೈ ಪ್ಯಾಡ್, ಪೂರ್ತಿ ಬೆರಳು ಮುಚ್ಚೋ ಗ್ಲೌಸ್, ಚಪ್ಪಟೆ ಅಡಿಯ ಮೆತ್ತನೆ ರಬ್ಬರ್ ಶೂ. ಓಡೋ ಶೂಗೆ ಪೆಡಲ್ ಪಿನ್ ಕಚ್ಚಲ್ಲ, ಕಾಲು ಜಾರಿದ್ರೆ ಅದೇ ಪಿನ್ ಮೊಣಕಾಲ ಕೆಳಗೆ ಗೆರೆ ಎಳೆಯುತ್ತೆ.

ಸೈಕಲ್ ಸಾಗಿಸೋವಾಗ ಚಕ್ರ ಬಿಚ್ಚಿದ್ರೆ ಪ್ಯಾಡ್ ಸಂದೀಲಿ ರಟ್ಟು ಮಡಚಿ ಸಿಗಿಸಿ. ದಾರೀಲಿ ಯಾರೋ ಲಿವರ್ ಒತ್ತಿಬಿಟ್ರೆ ಪಿಸ್ಟನ್ ಹೊರಗೆ ಬಂದು ಪ್ಯಾಡ್ ಎರಡೂ ಮುತ್ತಿಡ್ತಾವೆ, ರೋಟರ್ ಒಳಗೇ ಹೋಗಲ್ಲ. ಪಿಕಪ್‌ನಲ್ಲಿ ತುಂಬೋವಾಗ ಒಂದು ಸೈಕಲ್ ಮುಖ ಆ ಕಡೆ, ಇನ್ನೊಂದರದ್ದು ಈ ಕಡೆ, ನಡುವೆ ಹಳೇ ಕಂಬಳಿ. ರೋಟರ್ ಮೇಲೆ ಇನ್ನೊಂದು ಸೈಕಲ್‌ನ ಪೆಡಲ್ ಒರಗದ ಹಾಗೆ ನೋಡ್ಕೊಳ್ಳಿ.

ಟ್ರ್ಯಾಕ್‌ಗೆ ಬಂದ ತಕ್ಷಣ ಸೈಕಲ್ ಇಳಿಸ್ಬೇಡಿ, ನಡೀರಿ. 2 ಕಿ.ಮೀ. ಟ್ರ್ಯಾಕ್ ನಡೆದು ನೋಡೋಕೆ ಒಂದೂವರೆ ಗಂಟೆ ಕೊಡಿ. ಮಣ್ಣು ಕೈಗೆ ತಗೊಂಡು ಹಿಸುಕಿ. ಉಂಡೆ ಕಟ್ಟಿ, ಬೆರಳಿಂದ ತಟ್ಟಿದ್ರೆ ಪುಡಿಯಾದ್ರೆ ಹದ ಬಂದಿದೆ ಅಂತ. ಬಿತ್ತನೆಗೆ ರೈತರು ನೋಡೋ ಅದೇ ಲೆಕ್ಕ, ಟೈರ್‌ಗೂ ಅದೇ ಬೇಕು. ಮಳೆಗಾಲ ಮುಗಿದ ಮೇಲಿನ ಕೆಲವು ವಾರ ಮಲೆನಾಡಿನ ಮಣ್ಣು ಹೀಗಿರುತ್ತೆ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ತರಗೆಲೆ ಕೆಳಗೆ ಬೇರು ಅಡಗಿರುತ್ತೆ, ಕಾಲಲ್ಲಿ ಸರಿಸಿ ನೋಡಿ. ಬೆಂಗಳೂರಿನ ತುರಹಳ್ಳಿ ಥರದ ಬಂಡೆ ಒಣಗಿದ್ರೆ ಟೈರ್‌ನ ಅಂಟಿನ ಹಾಗೆ ಹಿಡಿಯುತ್ತೆ. ಆದ್ರೆ ಮೇಲೆ ಉದುರಿರೋ ಹರಳು ಇದೆಯಲ್ಲ, ಅದು ರಾಗಿ ಚೆಲ್ಲಿದ ನೆಲದ ಹಾಗೆ. ಹಾಗೇ, ಕಾಡಲ್ಲಾದ್ರೆ ಅರಣ್ಯ ಇಲಾಖೆ, ತೋಟದಲ್ಲಾದ್ರೆ ಮಾಲೀಕರು, ಅನುಮತಿ ಇಲ್ಲದ ಜಾಗದಲ್ಲಿ ಅಭ್ಯಾಸವೂ ಬೇಡ.

ಈ ತಿರುವು ಗಮನಿಸಿ. ತಿರುವಿಗೆ ಹತ್ತು ಮೀಟರ್ ಮುಂಚೆ ನೆಲ ಅಲೆ ಅಲೆಯಾಗಿ ಗುಂಡಿ ಬಿದ್ದಿದೆ. ಎಲ್ಲರೂ ಒಂದೇ ಜಾಗದಲ್ಲಿ ಬ್ರೇಕ್ ಒತ್ತಿ ಒತ್ತಿ ಆಗಿರೋದು ಅದು. ಬೆಳಗ್ಗೆ ಇರಲ್ಲ, ಮಧ್ಯಾಹ್ನಕ್ಕೆ ಮೊಣಕಾಲುದ್ದ ಬೆಳೆದಿರುತ್ತೆ ಅಂದ್ರೆ ಸ್ವಲ್ಪ ಉತ್ಪ್ರೇಕ್ಷೆ, ಆದ್ರೆ ಬೆಳೆಯುತ್ತೆ. ಅದರ ಮೇಲೆ ಬ್ರೇಕ್ ಹಿಡಿದ್ರೆ ಚಕ್ರ ಎಗರ್ತಾ ಹೋಗುತ್ತೆ, ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಇದ್ದೂ ಇಲ್ಲ. ಗುಂಡಿ ಶುರುವಾಗೋಕಿಂತ ಮುಂಚೆಯೇ ಜೋರಾಗಿ, ಚಿಕ್ಕದಾಗಿ ಹಿಡೀರಿ, ಬಿಟ್ಟುಬಿಡಿ. ಬೇರಿಗೂ ಅದೇ ನಿಯಮ. ಒದ್ದೆ ಬೇರಿನ ಮೇಲೆ ಬ್ರೇಕ್ ಹಾಕಿದ ಮುಂದಿನ ಚಕ್ರ ಬೇರಿನ ಉದ್ದಕ್ಕೇ ಜಾರುತ್ತೆ. ಬೇರಿಗೆ ಅಡ್ಡವಾಗಿ, ಬ್ರೇಕ್ ಬಿಟ್ಟು ದಾಟಿ.

ಗೆಳೆಯರು ಉಪಯೋಗಕ್ಕೆ ಬರೋದೇ ಇಲ್ಲಿ. ನಾಲ್ಕು ಜನ ಇದ್ರೆ ಕಷ್ಟದ ಜಾಗದಲ್ಲಿ ಒಬ್ಬರು ಮೊಬೈಲ್ ಹಿಡಿದು ನಿಲ್ಲಿ, ಮೂವರು ಇಳೀರಿ, ಸರದಿ ಬದಲಾಯಿಸಿ. ಕಲ್ಲಿನ ರಾಶಿ ಹತ್ತಿರ ನಿಂತೋರ ಕೆಲಸ ಒಂದೇ, ಸರಿಯಾದ ಹೊತ್ತಿಗೆ "ಬಿಡೋ ಮಗಾ, ಬ್ರೇಕ್ ಬಿಡೋ!" ಅಂತ ಕೂಗೋದು. ತಿಳಿದೋರ ಹಿಂದೆ ಹೋದ್ರೆ ಲೈನ್, ಅಂದ್ರೆ ಚಕ್ರ ಹೋಗ್ಬೇಕಾದ ದಾರಿ, ಬೇಗ ಕಲೀಬಹುದು, ಆದ್ರೆ ಹತ್ತು ಮೀಟರ್ ಬಿಟ್ಟು ಹೋಗಿ, ಅವರ ಚಕ್ರ ನೋಡ್ಬೇಡಿ, ಅವರಾಚೆಗಿನ ದಾರಿ ನೋಡಿ. ದೊಡ್ಡ ಜಿಗಿತದ ಪಕ್ಕ ಸುತ್ತಿ ಬರೋ ಬಿ ಲೈನ್ ಇರುತ್ತೆ. ಅದನ್ನ ಹಿಡಿದೋರನ್ನ ರೇಗಿಸೋ ಗೆಳೆಯರ ಜೊತೆ ರೇಸ್‌ಗೆ ಬರ್ಬೇಡಿ.

ಮೈ ಇರಬೇಕಾದ ರೀತಿ: ಎರಡೂ ಪೆಡಲ್ ಒಂದೇ ಮಟ್ಟ, ಹಿಮ್ಮಡಿ ಕೆಳಗೆ, ಮೊಣಕೈ ಹೊರಗೆ. ಹೆದರಿಕೆಗೆ ಎಲ್ಲರೂ ಹಿಂದಕ್ಕೆ ಜಗ್ತಾರೆ. ಜಗ್ಗಿದಷ್ಟೂ ಮುಂದಿನ ಚಕ್ರ ಹಗುರ, ಹಗುರಾದಷ್ಟೂ ತಿರುಗಲ್ಲ. ಹಿಮ್ಮಡಿ ಕೆಳಗಿದ್ರೆ ಬ್ರೇಕ್‌ನ ಒತ್ತಡ ಅಂಗೈಗಲ್ಲ, ಪಾದಕ್ಕೆ ಹೋಗುತ್ತೆ. ನಾಲ್ಕೈದು ರನ್ ಆದ್ಮೇಲೆ ಮುಂಗೈ ಕಲ್ಲಾಗಿ, ಬೆರಳು ಬಿಡಿಸೋಕೇ ಆಗದಿದ್ರೆ ಆರ್ಮ್ ಪಂಪ್ ಅಂತ. ಲಿವರ್ ಬೆರಳಿಗೆ ಎಟುಕೋ ದೂರಕ್ಕೆ ತಂದ್ಕೊಂಡು, ಒಂದೇ ಬೆರಳಲ್ಲಿ ಹಿಡಿಯೋದು ರೂಢಿಸ್ಕೊಳ್ಳಿ. ಆದ್ರೆ ಅವತ್ತಿನ ರನ್ ಅಲ್ಲಿಗೇ ನಿಲ್ಲಿಸಿಬಿಡಿ. "ಲಾಸ್ಟ್ ಒಂದು ರನ್" ಅಂದೋರೇ ಪಿಕಪ್‌ನಲ್ಲಿ ಮಲ್ಕೊಂಡು ಬರೋದು.

ಹಳದಿ ಬಾವುಟ ಕಂಡ್ರೆ ಮುಂದೆ ಯಾರೋ ಬಿದ್ದಿದ್ದಾರೆ, ನಿಧಾನ. ಕೆಂಪು ಕಂಡ್ರೆ ನಿಲ್ಲಿ. ಕೆಂಪಿಗೆ ನಿಂತೋರು ಮಾರ್ಷಲ್‌ಗೆ ಹೇಳಿ ಮತ್ತೆ ರನ್ ಕೇಳ್ಬಹುದು. ಬಿದ್ದೋರು ಕುತ್ತಿಗೆ ನೋವು ಅಂದ್ರೆ ಹೆಲ್ಮೆಟ್ ತೆಗೀಬೇಡಿ, ಎತ್ತಿ ಕೂರಿಸ್ಬೇಡಿ. ತಲೆಗೆ ಪೆಟ್ಟು ಬಿದ್ದು ಕೇಳಿದ್ದನ್ನೇ ಕೇಳ್ತಿದ್ರೆ ಅವತ್ತು ಸೈಕಲ್ ಮುಟ್ಟೋ ಹಾಗಿಲ್ಲ. 108ಕ್ಕೆ ಫೋನ್ ಮಾಡೋಕೆ ತೋಟದೊಳಗೆ ನೆಟ್‌ವರ್ಕ್ ಸಿಗದೇ ಇರ್ಬಹುದು. ಎಲ್ಲಿ ಸಿಗುತ್ತೆ, ಎಕ್ಸ್‌ರೇ ಇರೋ ಆಸ್ಪತ್ರೆ ಎಷ್ಟು ದೂರ, ಹಿಂದಿನ ದಿನವೇ ತಿಳ್ಕೊಳ್ಳಿ. ಗಾಡಿ ಕೀ ಕೆಳಗೆ ನಿಂತಿರೋರ ಹತ್ತಿರ ಇರಲಿ, ರೈಡರ್ ಜೇಬಲ್ಲಿ ಅಲ್ಲ. ಬಿದ್ದಾಗ ಅದೇ ಕೀ ಸೊಂಟಕ್ಕೆ ನಾಟುತ್ತೆ. ವಿಮೆ ಪಾಲಿಸೀಲಿ ರೇಸ್, ಸಾಹಸ ಕ್ರೀಡೆ ಹೊರಗಿಟ್ಟಿದ್ದಾರಾ ಅಂತ ಸಣ್ಣ ಅಕ್ಷರ ಓದಿ.

ರೇಸ್ ಗೆರೆ ದಾಟಿ ತಕ್ಷಣ ಎರಡೂ ಬ್ರೇಕ್ ಕಚ್ಚಿಸ್ಬೇಡಿ, ಅಲ್ಲಿ ಸಾಮಾನ್ಯವಾಗಿ ಒಣ ಹುಲ್ಲು, ಮುಂದೆ ಜನ. ನಿಂತ ಮೇಲೆ ರೋಟರ್ ಮುಟ್ಬೇಡಿ, ಸೈಕಲ್ ಮಲಗಿಸುವಾಗ ಮೀನಖಂಡಕ್ಕೆ ತಾಗಿದ್ರೂ ಅದರ ತೂತುಗಳ ಸಮೇತ ಮುದ್ರೆ ಬೀಳುತ್ತೆ. ಆಮೇಲೆ ನೆರಳಲ್ಲಿ ಕೂತು ಕಲ್ಲಿನ ರಾಶಿ ಹತ್ತಿರ ತೆಗೆದ ವಿಡಿಯೋಗಳನ್ನ ಒಂದಾದ ಮೇಲೊಂದು ಹಾಕಿ. ಚಿತ್ರ ನೋಡ್ಬೇಡಿ, ಸದ್ದು ಕೇಳಿ. ಪ್ಯಾಡ್ ಕಿರುಚೋದು ಕಲ್ಲಿಗಿಂತ ಮುಂಚೆ ನಿಲ್ಲುತ್ತಾ, ಕಲ್ಲಿನ ಮೇಲೂ ಮುಂದುವರಿಯುತ್ತಾ? ಈಗ ಬರ್ತಿರೋದು ಅಂಥ ನಾಲ್ಕು ಕ್ಲಿಪ್, ಒಂದೇ ಕಲ್ಲು, ನಾಲ್ಕು ರೈಡರ್. ಹೆಡ್‌ಫೋನ್ ಹಾಕ್ಕೊಳ್ಳಿ.