ಕೃಷಿ ಹೊಂಡದಲ್ಲಿ ಮಾಗೂರ್ ಸಾಕಣೆ

ರೈತ ಬಾಂಧವರೇ, ನಮಸ್ಕಾರ.

"ಮಾಗೂರ್ ಮೀನಿಗೆ ಏನೂ ಆಗೂದಿಲ್ಲ ಬಿಡ್ರಿ, ರಾಡಿ ನೀರಾಗೂ ಬದುಕ್ತದ." ವಿಜಯಪುರ, ಬಾಗಲಕೋಟೆ ಕಡೆ ಹೀಗನ್ನುವವರು ಬಹಳ ಮಂದಿ. ಈ ಮಾತು ಅರ್ಧ ನಿಜ. ಮಾಗೂರ್ ಅಂದರೆ ನಮ್ಮ ದೇಶಿ ಕ್ಯಾಟ್‌ಫಿಶ್, ಮೀಸೆ ಇರುವ ಮೀನು. ಅದಕ್ಕೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ಆದರೆ ಉಳಿದ ಆಹಾರ, ಮೀನಿನ ಹೊಲಸು ಕೊಳೆತು ಹುಟ್ಟುವ ಅಮೋನಿಯಾ ಅದಕ್ಕೂ ವಿಷವೇ.

ನಮ್ಮ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಈ ವಿಷದ ಕಾಟ ಹೆಚ್ಚು. ನೀರಿನ ಪಿ.ಎಚ್. (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಾದರೆ ಕ್ಷಾರ) 7 ಇದ್ದಾಗ ಅಮೋನಿಯಾದ ನೂರು ಪಾಲಿನಲ್ಲಿ ಒಂದು ಪಾಲೂ ವಿಷದ ರೂಪದಲ್ಲಿ ಇರುವುದಿಲ್ಲ. ಅದೇ 9 ಆದರೆ ಸುಮಾರು 40 ಪಾಲು ವಿಷವಾಗುತ್ತದೆ. ಎರಿ ಮಣ್ಣು ಮೊದಲೇ ಕ್ಷಾರ, ಸುಣ್ಣ ಬಿದ್ದರೆ ಪಿ.ಎಚ್. ಇನ್ನೂ ಏರುತ್ತದೆ. ಹೊಂಡಕ್ಕೆ ಸುಣ್ಣ ಹಾಕಬೇಕೆಂದು ಯಾರೋ ಹೇಳಿದರೆಂದು ಸುರಿಯಬೇಡಿ. ಪಿ.ಎಚ್. ನೋಡಿ, 7ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸುಣ್ಣ.

ಈಗ ಹೊಂಡದ ಲೆಕ್ಕ. ಮೇಲೆ 21 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ಇದೆ ಅನ್ನಿ. ಮಗ್ಗುಲು ಇಳಿಜಾರಾಗಿರುವುದರಿಂದ 4 ಅಡಿ ನೀರು ನಿಂತಾಗ ನೀರಿನ ಹರವು ಸುಮಾರು 300 ಚದರ ಮೀಟರ್ ಅಷ್ಟೇ. ಮರಿ ಬಿಡುವುದು ಈ ಹರವಿನ ಮೇಲೆ, ಹೊಂಡದ ಬಾಯಿಯ ಅಳತೆಯ ಮೇಲಲ್ಲ. ಚದರ ಮೀಟರಿಗೆ 5ರಂತೆ 1500 ಮರಿ ಸಾಕು. ನೀರು ತೀರಾ ಆಳವೂ ಬೇಡ. ಉಸಿರಿಗೆ ಮೇಲೆ ಕೆಳಗೆ ಓಡಾಡುವುದರಲ್ಲೇ ಮೀನು ದಣಿಯುತ್ತದೆ. ತಾಡಪಾಲು ಹಾಸಿದ್ದರೆ ತಳಕ್ಕೆ ಅರ್ಧ ಅಡಿ ಮಣ್ಣು ಹರಡಿ, ಅಡಗಿಕೊಳ್ಳಲು ಪೈಪಿನ ತುಂಡು, ಹಳೆ ಹಂಚು ಇಡಿ.

ಮರಿ ಕೊಳ್ಳುವಾಗ ಎಚ್ಚರ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಮ್ಮ ದೇಶದಲ್ಲಿ ನಿಷೇಧ. ಅದು ಹಳ್ಳ ಸೇರಿದರೆ ಊರ ಮೀನನ್ನೆಲ್ಲ ತಿಂದು ಹಾಕುತ್ತದೆ. ತಲೆಯ ಹಿಂದಿನ ಎಲುಬಿನ ಅಂಚು ನೋಡಿ: ನಮ್ಮ ಮಾಗೂರಿನದು ಇಂಗ್ಲಿಷಿನ ವಿ ಅಕ್ಷರದ ಹಾಗೆ ಒಂದೇ ಮೊನೆ, ಆಫ್ರಿಕನ್ ಮೀನಿನದು ಡಬ್ಲ್ಯೂ ಹಾಗೆ. ಸಣ್ಣ ಮರಿಯಲ್ಲಿ ಇದು ಕಾಣುವುದು ಕಷ್ಟ. "ಆರು ತಿಂಗಳಿಗೆ ಕೆಜಿ ತೂಗ್ತದ" ಎಂದು ಮಾರುವವರು ಹೇಳಿದರೆ ಅದು ಮಾಗೂರ್ ಅಲ್ಲವೆಂದೇ ತಿಳಿಯಿರಿ. ಅನುಮಾನವಿದ್ದರೆ ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ತೋರಿಸಿ.

ಜುಲೈ, ಆಗಸ್ಟ್‌ನಲ್ಲಿ ಸಂಜೆ ತಂಪಿನಲ್ಲಿ ಮರಿ ಬಿಡಿ. ಚೀಲವನ್ನು 20 ನಿಮಿಷ ನೀರಿನ ಮೇಲೆ ತೇಲಿಸಿ, ಸ್ವಲ್ಪ ಸ್ವಲ್ಪ ಹೊಂಡದ ನೀರು ಸೇರಿಸಿ, ಆಮೇಲೆ ಬಾಯಿ ಬಿಚ್ಚಿ. ಎಲ್ಲ ಮರಿ ಒಂದೇ ಅಳತೆಯವು ಇರಲಿ, ಎರಡೂವರೆ ಇಂಚಿನಷ್ಟು. ದೊಡ್ಡದು ಸಣ್ಣದನ್ನು ನುಂಗುತ್ತದೆ. ಸತ್ತ ಮೀನು ಒಂದೂ ತೇಲದೆ ಲೆಕ್ಕ ಕಡಿಮೆಯಾಗುತ್ತಿದ್ದರೆ ಇದೂ ಒಂದು ಕಾರಣ. ಇನ್ನೊಂದು ಬೆಳ್ಳಕ್ಕಿ, ನೀರುಹಾವು.

ಆಹಾರ ಮನೆಯಲ್ಲೇ ಮಾಡಬಹುದು. 10 ಕೆಜಿಗೆ ಒಣ ಮೀನಿನ ಪುಡಿ 4 ಕೆಜಿ, ಶೇಂಗಾ ಹಿಂಡಿ 3 ಕೆಜಿ, ಅಕ್ಕಿ ತೌಡು 3 ಕೆಜಿ, ಮೇಲೆ 100 ಗ್ರಾಂ ಖನಿಜ ಮಿಶ್ರಣ. ಬೂಸ್ಟು ಹಿಡಿದ ಹಿಂಡಿ ಬೇಡವೇ ಬೇಡ, ಅದು ಮೀನಿನ ಯಕೃತ್ತಿಗೆ ವಿಷ. ಮೊದಲ ತಿಂಗಳು ದಿನಕ್ಕೆ ಮೀನಿನ ಒಟ್ಟು ತೂಕದ ಶೇಕಡಾ 8ರಷ್ಟು, ಆಮೇಲೆ 5, ಕೊನೆಗೆ 3. ಬದುಕಿರುವ 1200 ಮೀನು ತಲಾ 25 ಗ್ರಾಂ ಇದ್ದರೆ ಒಟ್ಟು 30 ಕೆಜಿ. ಶೇಕಡಾ 5ರ ಲೆಕ್ಕದಲ್ಲಿ ದಿನಕ್ಕೆ ಒಂದೂವರೆ ಕೆಜಿ ಆಹಾರ: ಬೆಳಿಗ್ಗೆ ಅರ್ಧ, ಸಂಜೆ ಒಂದು, ಯಾಕೆಂದರೆ ಮಾಗೂರ್ ಇರುಳಿನಲ್ಲಿ ತಿನ್ನುವ ಮೀನು. ಉಂಡೆ ಕಟ್ಟಿ, ಹಗ್ಗ ಕಟ್ಟಿದ ತಟ್ಟೆಯಲ್ಲಿ ಇಳಿಬಿಡಿ. ಎರಡು ತಾಸಿಗೆ ತಟ್ಟೆ ಎತ್ತಿ ನೋಡಿ. ಉಳಿದಿದ್ದರೆ ನಾಳೆ ಕಾಲು ಭಾಗ ಕಡಿಮೆ ಮಾಡಿ. ಡಿಸೆಂಬರ್, ಜನವರಿ ಚಳಿಗೆ ಮೀನು ತಿನ್ನುವುದೇ ಕಡಿಮೆ. ಆಗ ಹಳೆ ಲೆಕ್ಕದಲ್ಲೇ ಹಾಕಿದರೆ ಅದೆಲ್ಲ ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ.

ದಿನಾ ಮುಂಜಾನೆ ಹೊಂಡದ ಹತ್ತಿರ ಹತ್ತು ನಿಮಿಷ ನಿಲ್ಲಿ. ಆರೋಗ್ಯವಾದ ಮೀನು ಮೇಲೆ ಬಂದು ಗಾಳಿ ಗುಟುಕರಿಸಿ ಚಟ್ಟನೆ ಕೆಳಗಿಳಿಯುತ್ತದೆ. ಹಾಗೆ ಇಳಿಯದೆ, ತಲೆ ಮೇಲೆ ಬಾಲ ಕೆಳಗೆ ಮಾಡಿ ನೇತಾಡುತ್ತಿದ್ದರೆ, ಮೀಸೆ ಸವೆದಿದ್ದರೆ, ಮೈಮೇಲೆ ಕೆಂಪು ಹುಣ್ಣು ಕಂಡರೆ ಅಂದೇ ಆಹಾರ ನಿಲ್ಲಿಸಿ. ತಳದ ನೀರನ್ನು ಕಾಲು ಭಾಗ ಪಂಪಿನಿಂದ ಹೊರಹಾಕಿ ಹೊಸ ನೀರು ಬಿಡಿ. ರೋಗ ಇಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಬೇಕು. ಆ ನೀರು ನಿಂಬೆಗೆ, ಕಾಯಿಪಲ್ಲೆಗೆ ಒಳ್ಳೆ ಗೊಬ್ಬರ.

ಮಣ್ಣಿನ ಒಡ್ಡಿನ ಹೊಂಡವಾದರೆ ಸುತ್ತ ಎರಡು ಅಡಿ ಎತ್ತರದ ಬಲೆ ಕಟ್ಟಿ, ಬುಡವನ್ನು ಮಣ್ಣಲ್ಲಿ ಹೂಳಿ. ಮಳೆಯ ರಾತ್ರಿ ಮಾಗೂರ್ ತೆವಳಿಕೊಂಡು ಒಡ್ಡು ದಾಟುತ್ತದೆ. ತಾಡಪಾಲಿನ ಹೊಂಡದಲ್ಲಿ ಭಯ ಬೇರೆ: ಜಾರಿ ಬಿದ್ದ ಮನುಷ್ಯ ಮೇಲೆ ಹತ್ತಲಾರ. ತಂತಿ ಬೇಲಿ ಹಾಕಿ, ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಮಕ್ಕಳನ್ನು ಒಳಗೆ ಬಿಡಬೇಡಿ.

ಎಂಟು ಹತ್ತು ತಿಂಗಳಿಗೆ ಮೀನು 100ರಿಂದ 150 ಗ್ರಾಂ ಬರುತ್ತದೆ. ಸಾವಿರ ಮೀನು ಉಳಿದರೆ ಸುಮಾರು 120 ಕೆಜಿ. ಏಪ್ರಿಲ್‌ನಲ್ಲಿ ನೀರು ಇಳಿಸಿ ಕೈಬಲೆಯಿಂದ ಹಿಡಿಯಿರಿ, ಬರಿಗೈ ಹಾಕಬೇಡಿ. ಪಕ್ಕದ ರೆಕ್ಕೆಯ ಮುಳ್ಳು ಚುಚ್ಚಿದರೆ ವಿಪರೀತ ನೋವು. ತಾಳುವಷ್ಟು ಬಿಸಿ ನೀರಲ್ಲಿ ಕೈ ಇಟ್ಟರೆ ತಗ್ಗುತ್ತದೆ. ಹಿಡಿದ ಮೀನನ್ನು ನಾಲ್ಕು ಬೆರಳು ನೀರಿರುವ ಟಬ್ಬಿನಲ್ಲಿ, ಮೇಲೆ ಒದ್ದೆ ಗೋಣಿ ಮುಚ್ಚಿ ಸಂತೆಗೆ ಒಯ್ಯಿರಿ. ಮಾಗೂರಿಗೆ ಬೆಲೆ ಬರುವುದು ಜೀವಂತ ಇದ್ದಾಗಲೇ.

ನಮಸ್ಕಾರ.